ಗರಗಸದ ಹಲ್ಲು: ಜುನ್ನರದ ತೇಗದಿಂದ ಇಂದಿನ ಸರಪಳಿಯವರೆಗೆ

ಅರಣ್ಯದ ಇತಿಹಾಸವನ್ನು ಬರೆದವರು ಅರಸರ ಬಗ್ಗೆ, ಅಧಿಕಾರಿಗಳ ಬಗ್ಗೆ, ಕಾಯಿದೆಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಮರವನ್ನು ನಿಜವಾಗಿ ಕೊಯ್ದ ಹಲ್ಲಿನ ಬಗ್ಗೆ, ಆ ಹಲ್ಲನ್ನು ಹರಿತಗೊಳಿಸಿದ ಕೈಗಳ ಬಗ್ಗೆ ಬರೆದವರು ಕಡಿಮೆ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಈ ಇತಿಹಾಸ ಎರಡು ಕಡೆಯಿಂದಲೂ ಹತ್ತಿರದ್ದು: ಮರ ಬೆಳೆದ ಕಾಡುಗಳಲ್ಲಿ ಕೆಲವು ನಮ್ಮ ತವರಿನವು, ಅವುಗಳ ಆಡಳಿತದ ಎಳೆಗಳು ಈ ಊರಿನವು.

ಮೊದಲು ಮಾತಿನಿಂದಲೇ ಆರಂಭಿಸೋಣ. ಸಂಸ್ಕೃತದ ‘ಕ್ರಕಚ’ ಕನ್ನಡಕ್ಕೆ ಬಂದು ‘ಗರಗಸ’ವಾಯಿತು. ಅದೇ ಉಪಕರಣಕ್ಕೆ ಸಂಸ್ಕೃತದಲ್ಲಿರುವ ಇನ್ನೊಂದು ಹೆಸರಾದ ‘ಕರಪತ್ರ’ ಪ್ರಾಕೃತದ ದಾರಿಯಲ್ಲಿ ಸವೆದು ಮರಾಠಿಯ ‘ಕರವತ’ ಆಯಿತು. ಹಲ್ಲನ್ನು ತೀಡುವ ಸಾಧನಕ್ಕೆ ಮಾತ್ರ ನಾವು ನಮ್ಮದೇ ‘ಅರ’ವನ್ನು ಉಳಿಸಿಕೊಂಡೆವು, ತಮಿಳಿನ ‘ಅರಂ’ ಅದರ ದಾಯಾದಿ. ಇಲ್ಲಿನ ಬಡಗಿ ಅದನ್ನು ‘ಕಾನಸ’ ಎನ್ನುತ್ತಾನೆ.

1730ರಲ್ಲಿ ಅಡಿಗಲ್ಲು ಬಿದ್ದ ಶನಿವಾರವಾಡೆಗೆ ತೇಗ ಬಂದದ್ದು ಜುನ್ನರದ ಕಾಡುಗಳಿಂದ, ಕಲ್ಲು ಚಿಂಚವಾಡದಿಂದ, ಸುಣ್ಣ ಜೇಜುರಿಯಿಂದ ಎಂದು ಹೇಳುತ್ತಾರೆ. ಅರಮನೆಯ ಮರಗೆಲಸವನ್ನು 1828ರ ಬೆಂಕಿ ನುಂಗಿತು. ಆ ಕಾಲದ ದಿಮ್ಮಿಗಳೆಲ್ಲ ಕೈಯ ಬಲದಿಂದ ಸೀಳಿದವು. ತೇಗದ ಮೈಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅದು ಹಲ್ಲನ್ನು ಬಹುಬೇಗ ಮೊಂಡಾಗಿಸುತ್ತದೆ. ಆದ್ದರಿಂದ ತೇಗ ಕೊಯ್ಯುವವನಿಗೆ ಅರವೂ ಗರಗಸದಷ್ಟೇ ಮುಖ್ಯವಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡಿನ ಲೆಕ್ಕ ಸರಕಾರದ ಕಡತಕ್ಕೆ ಬಂತು. ಪುಣೆಯ ಸಮೀಪದ ದಾಪೋಡಿಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ವೈದ್ಯ ಅಲೆಕ್ಸಾಂಡರ್ ಗಿಬ್ಸನ್ 1847ರಲ್ಲಿ ಮುಂಬಯಿ ಪ್ರಾಂತದ ಅರಣ್ಯ ಸಂರಕ್ಷಕನಾದ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾಳಿ ನದಿಯ ಕಣಿವೆಯ ತೇಗವೂ ಅದರೊಡನೆ ಸೇರಿತು. ಇಂದು ಇಂಜಿನಿಯರಿಂಗಿಗೆ ಹೆಸರಾದ ಪುಣೆಯ ಸರಕಾರಿ ಕಾಲೇಜಿನಲ್ಲಿ ಒಂದು ಕಾಲಕ್ಕೆ ಕೃಷಿ ಮತ್ತು ಅರಣ್ಯವಿದ್ಯೆಯ ತರಗತಿಗಳೂ ನಡೆಯುತ್ತಿದ್ದವು. 1956ರಲ್ಲಿ ಭಾಷಾವಾರು ಪ್ರಾಂತಗಳಾಗುವವರೆಗೂ ದಾಂಡೇಲಿಯ ಮರ ಮತ್ತು ಪುಣೆಯ ಪೇಟೆಗಳು ಒಂದೇ ಪ್ರಾಂತದ ಆಡಳಿತದಲ್ಲಿದ್ದವು.

ಕೈಗರಗಸದಲ್ಲಿ ಎರಡು ಬಗೆ. ಎಳೆಯ ಉದ್ದಕ್ಕೆ ಸೀಳುವ ಗರಗಸದ ಹಲ್ಲು ಪುಟ್ಟ ಉಳಿಯಂತೆ ಕೆಲಸ ಮಾಡುತ್ತದೆ. ಗುಂಡಿಯ ಮೇಲೆ ದಿಮ್ಮಿಯನ್ನಿಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಎಳೆಯುತ್ತಿದ್ದದ್ದು ಇಂಥದ್ದನ್ನು. ಎಳೆಗೆ ಅಡ್ಡಲಾಗಿ ಕತ್ತರಿಸುವ ಗರಗಸದ ಹಲ್ಲು ಚೂರಿಯಂತೆ ಎಳೆಯನ್ನು ಹರಿಯಬೇಕು. ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಗ್ಗಿಸಿದರೆ ಮಾತ್ರ ಸೀಳು ಅಲಗಿಗಿಂತ ಅಗಲವಾಗಿ, ಗರಗಸ ಸಿಕ್ಕಿಕೊಳ್ಳದೆ ಓಡಾಡುತ್ತದೆ. ದೊಡ್ಡ ಅಡ್ಡಗರಗಸಗಳಲ್ಲಿ ಕತ್ತರಿಸುವ ಹಲ್ಲುಗಳ ನಡುವೆ ಕೂದಲೆಳೆಯಷ್ಟು ತಗ್ಗಾದ ಇನ್ನೊಂದು ಹಲ್ಲನ್ನಿಟ್ಟರು. ಕತ್ತರಿಸಿದ ಎಳೆಯನ್ನು ಕೆರೆದು ಹೊರಗೆಸೆಯುವುದು ಅದರ ಕೆಲಸ. ಆ ತಗ್ಗು ಎಷ್ಟಿರಬೇಕೆಂಬುದೇ ಅರ ಹಿಡಿದವನ ವಿದ್ಯೆ.

ಸರಪಳಿ ಗರಗಸದ ಹುಟ್ಟು ಮಾತ್ರ ಕಾಡಿನಲ್ಲಲ್ಲ, ಶಸ್ತ್ರಚಿಕಿತ್ಸೆಯಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್‌ಕೆನ್ ಮತ್ತು ಜೇಮ್ಸ್ ಜೆಫ್ರೆ ಮೂಳೆ ಕತ್ತರಿಸಲು ಹಲ್ಲಿನ ಸರಪಳಿಯನ್ನು ಬಳಸಿದರು. ಜರ್ಮನಿಯ ಆಂದ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನ, 1929ರಲ್ಲಿ ಪೆಟ್ರೋಲಿನ ಸರಪಳಿ ಗರಗಸಗಳನ್ನು ಮರಕ್ಕಾಗಿ ತಯಾರಿಸಿದ. ಯಂತ್ರ ಬಂತು, ಹಲ್ಲು ಹಳೆಯದೇ ಉಳಿಯಿತು: ಅಡ್ಡಗರಗಸದ ಹಲ್ಲನ್ನೇ ಸರಪಳಿಗೆ ಜೋಡಿಸಿದ್ದರಿಂದ ಅದು ಬೇಗ ಮೊಂಡಾಗುತ್ತಿತ್ತು, ತೀಡುವುದಂತೂ ದಿನದ ಗೋಳು. 1946ರಲ್ಲಿ ಅಮೆರಿಕದ ಆರಿಗಾನಿನ ಮರಕಡಿಯುವವ ಜೋಸೆಫ್ ಕಾಕ್ಸ್ ಒಂದು ಕೊರಡಿನಲ್ಲಿ ದುಂಬಿಯ ಮರಿಹುಳವನ್ನು ಕಂಡ. ಅದು ಎಳೆಯ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಲ್ಲಿ ಕೊರೆಯುತ್ತಿತ್ತು. ಎಡಬಲಕ್ಕೆ ಬಾಗಿದ ಅದರ ದವಡೆಯನ್ನು ಉಕ್ಕಿನಲ್ಲಿ ಅನುಕರಿಸಿ 1947ರಲ್ಲಿ ಹೊಸ ಸರಪಳಿಯನ್ನು ಮಾರುಕಟ್ಟೆಗೆ ತಂದ. ಇಂದಿನ ಸರಪಳಿಗಳೆಲ್ಲ ಅದರ ಸಂತತಿ.

ಆ ಹಲ್ಲಿನಲ್ಲಿ ಹಳೆಯ ಅಡ್ಡಗರಗಸದ ಇಡೀ ವಿದ್ಯೆ ಅಡಗಿದೆ. ಎಡಬಲಕ್ಕೆ ಬಗ್ಗಿಸುತ್ತಿದ್ದ ಹಲ್ಲುಗಳ ಸ್ಥಾನದಲ್ಲಿ ಎಡಗಡೆಯ ಮತ್ತು ಬಲಗಡೆಯ ಹಲ್ಲುಗಳಿವೆ. ಪ್ರತಿ ಹಲ್ಲಿನ ಮುಂದೆ ಡೆಪ್ತ್ ಗೇಜ್ ಎಂಬ ಪುಟ್ಟ ಗುಬ್ಬಿಯಿದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಅದೇ. ಅನೇಕ ಸರಪಳಿಗಳಲ್ಲಿ ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರುತ್ತದೆ. ಇಷ್ಟು ತಿಳಿದರೆ ಯಂತ್ರದ ದೋಷಗಳನ್ನು ಅದರ ಚರಿತ್ರೆಯಿಂದಲೇ ಓದಬಹುದು. ಹಸಿ ಮರದಿಂದ ಚಕ್ಕೆ ಬಾರದೆ ಹುಡಿ ಬರುತ್ತಿದ್ದರೆ ಹಲ್ಲು ಮೊಂಡಾಗಿದೆ. ಕೊಯ್ತ ಒಂದು ಬದಿಗೆ ವಾಲುತ್ತಿದ್ದರೆ ಆ ಬದಿಯ ಹಲ್ಲುಗಳು ಉದ್ದವಾಗಿ ಅಥವಾ ಹೆಚ್ಚು ಹರಿತವಾಗಿ ಉಳಿದಿವೆ. ಎಲ್ಲವನ್ನೂ ಅತ್ಯಂತ ಗಿಡ್ಡ ಹಲ್ಲಿನ ಅಳತೆಗೆ ತರಬೇಕು. ಆಗಲೂ ವಾಲಿದರೆ ಸರಪಳಿ ಓಡುವ ಬಾರ್ ಸವೆದಿದೆ. ಹಲ್ಲು ಹರಿತವಿದ್ದೂ ಕಚ್ಚದಿದ್ದರೆ ಗುಬ್ಬಿ ಎತ್ತರವಾಗಿದೆ: ಹಲ್ಲು ತೀಡಿದಷ್ಟೂ ಹಿಂದಕ್ಕೆ ಸರಿದು ಗಿಡ್ಡವಾಗುವುದರಿಂದ ಗುಬ್ಬಿಯನ್ನೂ ಚಪ್ಪಟೆ ಅರದಿಂದ ಇಳಿಸಬೇಕು. ಅತಿಯಾಗಿ ಇಳಿಸಿದರೆ ಯಂತ್ರ ಮರವನ್ನು ಕಬಳಿಸಿ ಎಗರುತ್ತದೆ; ಜೀವಕ್ಕೆ ಅಪಾಯವಾಗುವುದು ಅಲ್ಲಿ. ಹೊಗೆ ಬಂದರೆ ಮೊದಲು ಎಣ್ಣೆಯನ್ನು ನೋಡಬೇಕು, ಆಮೇಲೆ ಹರಿತವನ್ನು.

ತೀಡುವ ಕ್ರಮವೂ ಹಳೆಯದೇ. ಯಂತ್ರವನ್ನು ನಿಲ್ಲಿಸಿ, ಸರಪಳಿಗೆ ಒಪ್ಪುವ ದಪ್ಪದ ದುಂಡು ಅರವನ್ನು ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ ಹಿಡಿದು, ಹಲ್ಲಿನ ಒಳಮೈಯಿಂದ ಹೊರಕ್ಕೆ ಮಾತ್ರ ಒತ್ತಬೇಕು; ಹಿಂದೆಳೆಯುವಾಗ ತಾಗಿಸಬಾರದು. ಪ್ರತಿ ಹಲ್ಲಿಗೂ ಅಷ್ಟೇ ಎಣಿಕೆಯ ಉಜ್ಜು.

ಪುಣೆಯಲ್ಲಿ ಮಳೆಗಾಲದ ಗಾಳಿಗೆ ಮರಗಳು ರಸ್ತೆಗೆ ಉರುಳಿದಾಗ ದಾರಿ ತೆರವು ಮಾಡುವುದು ಈ ಸರಪಳಿಯೇ. ಊರ ಮರದ ಕಾಂಡದಲ್ಲಿ ಹಳೆಯ ಮೊಳೆಯಿರುತ್ತದೆ, ಜಾಹೀರಾತಿನ ತಂತಿಯಿರುತ್ತದೆ. ಒಂದು ತಾಗಿದರೆ ಸಾಲು ಹಲ್ಲುಗಳ ಮೊನೆ ಹೋಗುತ್ತದೆ. ಮೊಂಡ ಸರಪಳಿಯನ್ನು ಬಲದಿಂದ ಒತ್ತುವ ಕೂಲಿಕಾರನ ಮೈಕೈ ಪಣಕ್ಕೆ ಬೀಳುತ್ತದೆ. ಅವನಿಗೆ ಯಂತ್ರ ಕೊಡುವವರು ಒಂದು ಅರವನ್ನೂ, ತೀಡಲು ಕಾಲು ಗಂಟೆಯ ಬಿಡುವನ್ನೂ ಕೊಡಬೇಕಾದದ್ದು ಈ ಕಾರಣಕ್ಕೆ.

ಈ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ. ಹಲ್ಲು ಹರಿತವಾದಷ್ಟೂ ಮರ ಅಗ್ಗವಾಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಕಳಸೆಯ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ‘ಅಪ್ಪಿಕೋ’ ಎಂಬ ಕನ್ನಡ ಮಾತು ದೇಶಕ್ಕೆ ಪರಿಚಯವಾಯಿತು. ಮಹಾರಾಷ್ಟ್ರದ ಊರುಗಳಲ್ಲಿ 1975ರ ವೃಕ್ಷ ಸಂರಕ್ಷಣೆಯ ಕಾಯಿದೆಯಂತೆ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಇಬ್ಬರು ದಿನವಿಡೀ ಎಳೆಯುತ್ತಿದ್ದ ಕಾಲದಲ್ಲಿ ಆ ಶ್ರಮವೇ ಮರಕ್ಕೆ ಒಂದಿಷ್ಟು ಕಾವಲಾಗಿತ್ತು. ಈಗ ಕೆಲವೇ ನಿಮಿಷಗಳ ಕೆಲಸವಾಗಿರುವಾಗ ಆ ಕಾವಲನ್ನು ಕಾಯಿದೆ ಮತ್ತು ನಮ್ಮ ವಿವೇಕ ಹೊರಬೇಕಾಗಿದೆ.