ಅರಗಿನ ತಟ್ಟೆಯಲ್ಲಿ ಉಳಿದ ಕಂಠ

ಗಾಯಕನು ಹಾಡಿ ಎದ್ದುಹೋದೊಡನೆ ಅವನ ಗಾನವೂ ಅಡಗಿಹೋಗುತ್ತಿದ್ದ ಕಾಲವೊಂದಿದ್ದಿತು. ನಮ್ಮ ಪೂರ್ವಿಕ ವಿದ್ವಾಂಸರ ಕೀರ್ತಿಯನ್ನು ಮಾತ್ರ ನಾವು ಬಲ್ಲೆವು, ಅವರ ಕಂಠವನ್ನರಿಯೆವು. 1877ರಲ್ಲಿ ಅಮೆರಿಕೆಯ ಎಡಿಸನ್ ಎಂಬಾತನು ಧ್ವನಿಯನ್ನು ಉರುಳೆಯ ಮೇಲೆ ಹಿಡಿದಿಟ್ಟನು. ಹತ್ತು ವರ್ಷಗಳ ತರುವಾಯ ಎಮಿಲ್ ಬರ್ಲಿನರನು ಉರುಳೆಗೆ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು ಬಳಕೆಗೆ ತಂದನು. ಇದರಿಂದ ಒಂದೇ ಅಚ್ಚಿನಿಂದ ಅನೇಕ ಪ್ರತಿಗಳನ್ನು ಒತ್ತಿ ತೆಗೆಯುವುದು ಸುಲಭವಾಯಿತು.

1902ರಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಪ್ರಸಿದ್ಧ ಗಾಯಕಿ ಗೌಹರ್ ಜಾನಳ ಗಾನವನ್ನು ಮುದ್ರಿಸಿಕೊಂಡನು. ಆಗ ವಿದ್ಯುತ್ತಿನ ಸಹಾಯವಿರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ಕಂಪನದಿಂದ ಅಲುಗುವ ಮುಳ್ಳು ಮೇಣದ ಮೇಲೆ ಗೆರೆ ಕೊರೆಯುವುದು. ಒಂದು ಗಂಟೆಯ ರಾಗವಿಸ್ತಾರವನ್ನು ಸುಮಾರು ಮೂರೇ ನಿಮಿಷಗಳಲ್ಲಿ ಮುಗಿಸಬೇಕು. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಇಂದಿಗೂ ಕೇಳಿಬರುತ್ತದೆ. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಡವೆ? ಆ ತಟ್ಟೆಗೆ ಬೇಕಾದ ಅರಗಾದರೋ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿದ್ದಿತು. ಅರಗು ನಮ್ಮದು, ಗಾನ ನಮ್ಮದು, ಅಚ್ಚು ಮಾತ್ರ ಪರರದು!

ಈ ಗಾಯಕಿಗೂ ಮೈಸೂರಿಗೂ ಋಣಾನುಬಂಧವುಂಟು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಆಕೆಯನ್ನು ಆಸ್ಥಾನ ಗಾಯಕಿಯನ್ನಾಗಿ ನಿಯಮಿಸಿದರು. 1930ರ ಜನವರಿಯಲ್ಲಿ ಆಕೆ ಈ ಊರಿನಲ್ಲಿಯೇ ಕಾಲವಾದಳು. ಮೈಸೂರಿನಲ್ಲಿ ಆಕಾಶವಾಣಿಯು ಹುಟ್ಟಿದ್ದು 1935ರಲ್ಲಿ. ಐದು ವರ್ಷಗಳ ಅಂತರದಿಂದ ಆ ಕಂಠವು ಇಲ್ಲಿಯ ಧ್ವನಿಗ್ರಾಹಕದ ಮುಂದೆ ಹಾಡುವ ಯೋಗ ತಪ್ಪಿತು. ಉಳಿದದ್ದು ಅರಗಿನ ತಟ್ಟೆಯೊಂದೇ.

ಆ ತಟ್ಟೆಯೂ ಶಾಶ್ವತವಲ್ಲ. ಕೈಜಾರಿದರೆ ಒಡೆಯುವುದು, ಬಿಸಿಲಿಗೆ ಬಾಗುವುದು, ಸವೆದ ಉಕ್ಕಿನ ಮುಳ್ಳು ಗೆರೆಗಳನ್ನೇ ಕೆರೆದುಹಾಕುವುದು. ಆದುದರಿಂದಲೇ ಬಲ್ಲವರು ಪ್ರತಿಯೊಂದು ಬದಿಗೂ ಹೊಸ ಮುಳ್ಳನ್ನು ಹಾಕುತ್ತಿದ್ದರು, ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಡುತ್ತಿದ್ದರು. ಆ ಕರಕರ ಸದ್ದನ್ನು ಕೇಳಿ ನಾವು ಮೊದಲು ಮುಖ ಸಿಂಡರಿಸುತ್ತೇವೆ; ತುಸು ತಾಳ್ಮೆಯಿಂದ ಕುಳಿತರೆ ಸದ್ದು ಹಿಂದೆ ಸರಿದು ಸ್ವರವು ಮುಂದೆ ಬರುತ್ತದೆ.

ಅನೇಕ ಮನೆಗಳ ಅಟ್ಟದಲ್ಲಿ ಇಂತಹ ತಟ್ಟೆಗಳು ಧೂಳು ಹಿಡಿದು ಬಿದ್ದಿರಬಹುದು. ಹಳೆಯ ಸಾಮಾನೆಂದು ಅವನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಕೇಳೋಣ, ಪ್ರತಿಮಾಡಿಸಿ ಉಳಿಸೋಣ. ಕೊನೆಯ ತಟ್ಟೆಯು ಒಡೆದ ದಿನ ಆ ಗಾಯಕರು ಎರಡನೆಯ ಸಲ ನಮ್ಮನ್ನಗಲಿದಂತೆಯೇ ಸರಿ.