ಬನ್ಯಾಲ್ಬುಫಾರ್: ಬೆಟ್ಟದ ಮೆಟ್ಟಿಲುಗಳಲ್ಲಿ ಉಳಿದ ಇತಿಹಾಸ

ಅಂದಲುಸ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕೊರ್ಡೋಬಾದ ಮಹಾ ಮಸೀದಿ, ಗ್ರನಾಡಾದ ಅಲ್‌ಹಂಬ್ರಾ ಅರಮನೆ. ನಮ್ಮ ಭಾಷಣಗಳಲ್ಲಿ, ಲೇಖನಗಳಲ್ಲಿ ಈ ಎರಡು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅರಮನೆಗಳನ್ನು ಕಟ್ಟಿಸಿದ ಅರಸರ ಹೆಸರುಗಳೂ ನಮಗೆ ಗೊತ್ತು. ಆದರೆ ಅದೇ ಕಾಲದಲ್ಲಿ ಹೊಲ ಉತ್ತು, ಕಾಲುವೆ ತೋಡಿ, ಕಲ್ಲು ಹೊತ್ತು ಬದುಕಿದ ಸಾಮಾನ್ಯ ಜನರ ಗುರುತು ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಪ್ರಿಯ ಓದುಗರೇ, ನೀವು ರಾಜಧಾನಿಗಳನ್ನು ಬಿಟ್ಟು ಒಂದು ಸಣ್ಣ ಬೆಟ್ಟದ ಹಳ್ಳಿಗೆ ಬರಬೇಕು. ಅದರ ಹೆಸರು ಬನ್ಯಾಲ್ಬುಫಾರ್.

ಮೆಡಿಟರೇನಿಯನ್ ಸಮುದ್ರದಲ್ಲಿ ಸ್ಪೇನಿನ ಪೂರ್ವಕ್ಕೆ ಮಯೋರ್ಕಾ ಎಂಬ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 3,600 ಚದರ ಕಿಲೋಮೀಟರ್. ದ್ವೀಪದ ವಾಯವ್ಯ ಅಂಚಿನಲ್ಲಿ ತ್ರಮುಂತಾನಾ ಎಂಬ ಪರ್ವತಶ್ರೇಣಿ ಗೋಡೆಯಂತೆ ನಿಂತಿದೆ. ಅದರ ಅತಿ ಎತ್ತರದ ಶಿಖರ 1,400 ಮೀಟರಿಗೂ ಮೇಲಿದೆ. ರಾಜಧಾನಿ ಪಾಲ್ಮಾದಿಂದ ಎಸ್ಪೋರ್ಲೆಸ್ ಊರಿನ ಮೂಲಕ ಬೆಟ್ಟ ಹತ್ತಿ ಆಚೆ ಬದಿಗೆ ಇಳಿದರೆ ಒಂದು ತಿರುವಿನಲ್ಲಿ ನೀಲಿ ಸಮುದ್ರ ಕಾಣುತ್ತದೆ, ಅದರ ಮೇಲಿನ ಇಳಿಜಾರಿನಲ್ಲಿ ಕಂದು ಬಣ್ಣದ ಕಲ್ಲುಮನೆಗಳ ಗುಂಪೊಂದು ಕಾಣುತ್ತದೆ. ಐನೂರು ಆರುನೂರು ಜನರಷ್ಟೇ ವಾಸಿಸುವ ಈ ಊರನ್ನು ನೋಡಲು ಪ್ರತಿವರ್ಷ ಜಗತ್ತಿನ ನಾನಾ ಕಡೆಗಳಿಂದ ಪ್ರವಾಸಿಗರು ಬರುತ್ತಾರೆ. ಹೆಚ್ಚಿನವರು ಫೋಟೋ ತೆಗೆದುಕೊಂಡು ಹೊರಟುಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಸ್ವಲ್ಪ ನಿಂತು ನೋಡಿ.

ಕಲ್ಲು ಮತ್ತು ನೀರು

ಮೊದಲು ನಿಮ್ಮ ಗಮನ ಸೆಳೆಯುವುದು ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ ಹೊಲಗಳು. ಊರಿನ ಮೇಲಿನಿಂದ ಸಮುದ್ರದ ಅಂಚಿನವರೆಗೂ ಅವು ಇಳಿಯುತ್ತವೆ. ಪ್ರತಿಯೊಂದು ಮೆಟ್ಟಿಲನ್ನು ಹಿಡಿದು ನಿಲ್ಲಿಸಿರುವುದು ಸುಣ್ಣವಾಗಲಿ ಗಾರೆಯಾಗಲಿ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ. ಗಾರೆ ಇಲ್ಲದಿರುವುದು ಕೊರತೆಯಲ್ಲ. ಮಳೆ ಬಂದಾಗ ಹೆಚ್ಚಾದ ನೀರು ಕಲ್ಲುಗಳ ಸಂದಿನಿಂದ ಹೊರಗೆ ಬಸಿದುಹೋಗುತ್ತದೆ, ಮಣ್ಣು ಮಾತ್ರ ಒಳಗೆ ಉಳಿಯುತ್ತದೆ. ಗಾರೆ ಹಾಕಿ ಮುಚ್ಚಿದ್ದರೆ ನೀರಿನ ಒತ್ತಡಕ್ಕೆ ಗೋಡೆಯೇ ಕುಸಿಯುತ್ತಿತ್ತು.

ಎರಡನೆಯದು ನೀರು. ಮಯೋರ್ಕಾದಲ್ಲಿ ಬೇಸಿಗೆ ಪೂರ್ತಿ ಒಣಗಿರುತ್ತದೆ, ವರ್ಷವಿಡೀ ತುಂಬಿ ಹರಿಯುವ ನದಿಗಳಿಲ್ಲ. ಆದ್ದರಿಂದ ಬೆಟ್ಟದ ಒಡಲೊಳಗೆ ಅಡ್ಡಲಾಗಿ ಸುರಂಗ ಕೊರೆದು, ಅಲ್ಲಿ ಜಿನುಗುವ ನೀರನ್ನು ಹೊರಗೆ ತಂದು, ಕಲ್ಲಿನ ಕಾಲುವೆಗಳಲ್ಲಿ ಹರಿಸಿ, ದೊಡ್ಡ ತೆರೆದ ತೊಟ್ಟಿಗಳಲ್ಲಿ ತುಂಬಿಸಿಡುತ್ತಾರೆ. ನಮ್ಮ ಹಳೆಯ ಮಸೀದಿಗಳ ಹೌಝ್ ನೋಡಿದವರಿಗೆ ಆ ತೊಟ್ಟಿಯ ಅಂದಾಜು ಸಿಗುತ್ತದೆ. ಅಲ್ಲಿಂದ ಸರದಿಯ ಪ್ರಕಾರ ಒಬ್ಬೊಬ್ಬರ ಹೊಲಕ್ಕೆ ನೀರು ಬಿಡಲಾಗುತ್ತದೆ. ಎಂಜಿನ್ ಬೇಡ, ಪಂಪು ಬೇಡ. ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ.

ಈಗ ಇದರ ಹೆಸರುಗಳನ್ನು ಕೇಳಿ. ಅಲ್ಲಿನವರು ಆಡುವ ಕತಲಾನ್ ಭಾಷೆಯಲ್ಲಿ ಆ ತೊಟ್ಟಿಗೆ ಸಫರೇಚ್ ಎನ್ನುತ್ತಾರೆ. ಇದು ಅರಬಿಯ ಸಿಹ್ರೀಜ್. ಕಾಲುವೆಗೆ ಸೆಕಿಯಾ, ಅರಬಿಯ ಸಾಖಿಯಾ. ಮಳೆನೀರಿನ ನೆಲಮಾಳಿಗೆಗೆ ಅಲ್ಜುಬ್, ಅರಬಿಯ ಅಲ್‌ಜುಬ್ಬ್. ನೀರೆತ್ತುವ ಚಕ್ರಕ್ಕೆ ಸಿನಿಯಾ, ಅರಬಿಯ ಸಾನಿಯಾ. ದ್ವೀಪದ ಎಷ್ಟೋ ಊರುಗಳ ಹೆಸರು 'ಬಿನಿ' ಎಂದು ಆರಂಭವಾಗುತ್ತದೆ: ಬಿನಿಸಾಲೆಮ್, ಬಿನಿಯರಾಯ್ಚ್ ಹೀಗೆ. ಅರಬಿಯಲ್ಲಿ 'ಬನೀ' ಎಂದರೆ ಇಂಥವರ ಮಕ್ಕಳು, ಇಂಥ ಕುಲದವರು ಎಂದರ್ಥ. ಬನ್ಯಾಲ್ಬುಫಾರ್ ಎಂಬ ಹೆಸರಿನ ಮೊದಲ ಭಾಗದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದ್ದರೂ ಕೊನೆಯ ಭಾಗ ಅರಬಿಯ ಅಲ್‌ಬಹ್ರ್, ಅಂದರೆ ಸಮುದ್ರ ಎಂಬುದೇ ಸಾಮಾನ್ಯ ಅಭಿಪ್ರಾಯ. ಅಲ್ಲಿ ಬದನೆಕಾಯಿಗೆ ಅಲ್ಬರ್ಜಿನಿಯಾ ಎನ್ನುತ್ತಾರೆ. ನಮ್ಮ ನಾಡಿನ ಬದನೆ ಪರ್ಶಿಯಾ ದಾಟಿ, ಅರಬರ ಕೈಯಲ್ಲಿ ಬಾದಿಂಜಾನ್ ಆಗಿ, ಅಷ್ಟು ದೂರದ ದ್ವೀಪದ ತೋಟ ಸೇರಿತು!

ಮುನ್ನೂರು ವರ್ಷಗಳ ಕಥೆ

ಇತಿಹಾಸಕಾರ ಇಬ್ನ್ ಖಲ್ದೂನ್ ಹೇಳುವಂತೆ ಇಸಾಮ್ ಅಲ್‌ಖೌಲಾನಿ ಎಂಬವರು ಹಜ್ಜ್ ಯಾತ್ರೆಗೆ ಹೊರಟಿದ್ದಾಗ ಬಿರುಗಾಳಿಗೆ ಸಿಕ್ಕಿ ಅವರ ಹಡಗು ಮಯೋರ್ಕಾ ಸೇರಿತು. ಅವರು ಮರಳಿ ಬಂದು ದ್ವೀಪದ ಸಂಗತಿಯನ್ನು ಕೊರ್ಡೋಬಾದ ಅಮೀರ್ ಅಬ್ದುಲ್ಲಾರಿಗೆ ತಿಳಿಸಿದರು. ಕ್ರಿ.ಶ. 902ರಲ್ಲಿ ಅವರದೇ ನೇತೃತ್ವದಲ್ಲಿ ದ್ವೀಪ ಅಂದಲುಸಿಗೆ ಸೇರಿತು. ಇಂದಿನ ಪಾಲ್ಮಾ ಆಗ ಮದೀನಾ ಮಯೂರ್ಖಾ ಆಯಿತು. ನಂತರ ಬೇರೆ ಬೇರೆ ಅರಬ್ ಮತ್ತು ಬರ್ಬರ್ ಕುಲಗಳು ಇಲ್ಲಿಗೆ ಬಂದು ನೆಲೆಸಿದವು. ಬೆಟ್ಟದ ನಡುವೆ ಎಲ್ಲಿ ಸ್ವಲ್ಪ ನೀರಿದೆಯೋ ಅಲ್ಲಿ ಒಂದೊಂದು ಕುಲ ಒಂದೊಂದು ಊರು ಮಾಡಿತು. ಈ ನೀರಿನ ವ್ಯವಸ್ಥೆಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಇತಿಹಾಸಕಾರ ಮಿಕೆಲ್ ಬಾರ್ಸೆಲೊ ಮತ್ತು ಅವರ ಜತೆಗಾರರು ಒಂದು ಮುಖ್ಯ ಮಾತನ್ನು ತೋರಿಸಿಕೊಟ್ಟರು: ಇವನ್ನು ಕಟ್ಟಿದ್ದು ಯಾವುದೋ ಸುಲ್ತಾನನ ಆಜ್ಞೆಯಲ್ಲ, ರೈತ ಕುಲಗಳೇ ತಮ್ಮ ಅಗತ್ಯಕ್ಕೆ ತಾವೇ ಯೋಚಿಸಿ ಕಟ್ಟಿಕೊಂಡವು.

ವಿದ್ಯೆಯಲ್ಲೂ ದ್ವೀಪ ಹಿಂದೆ ಬಿದ್ದಿರಲಿಲ್ಲ. ಮಹಾ ವಿದ್ವಾಂಸ ಇಬ್ನ್ ಹಝ್ಮ್ ಇಲ್ಲಿ ಕೆಲಕಾಲ ನೆಲೆಸಿ ಪಾಠ ಹೇಳಿದ್ದರು. ಅವರ ಶಿಷ್ಯ ಅಲ್‌ಹುಮೈದಿ ಈ ದ್ವೀಪದಲ್ಲೇ ಹುಟ್ಟಿದವರು. ಅವರು ಜ್ಞಾನವನ್ನರಸಿ ಬಗ್ದಾದಿಗೆ ಹೋಗಿ, ಅಂದಲುಸಿನ ವಿದ್ವಾಂಸರ ಜೀವನಚರಿತ್ರೆಗಳ ಗ್ರಂಥ ಬರೆದು, 1095ರಲ್ಲಿ ಅಲ್ಲೇ ತೀರಿಕೊಂಡರು.

1229ರ ಸೆಪ್ಟೆಂಬರಿನಲ್ಲಿ ಆರಗಾನಿನ ದೊರೆ ಒಂದನೇ ಜೇಮ್ಸ್ ದೊಡ್ಡ ನೌಕಾಪಡೆಯೊಂದಿಗೆ ಬಂದಿಳಿದ. ಅದೇ ವರ್ಷದ ಡಿಸೆಂಬರ್ 31ರಂದು ರಾಜಧಾನಿ ಬಿದ್ದಿತು, ಭಾರೀ ಕಗ್ಗೊಲೆ ನಡೆಯಿತು. ಈ ದಿನವನ್ನು ಪಾಲ್ಮಾದಲ್ಲಿ ಇಂದಿಗೂ ಧ್ವಜೋತ್ಸವವಾಗಿ ಆಚರಿಸುತ್ತಾರೆ. ನಗರ ಬಿದ್ದರೂ ತ್ರಮುಂತಾನಾದ ಬೆಟ್ಟಗಳಲ್ಲಿ ಪ್ರತಿರೋಧ ಇನ್ನೆರಡು ಮೂರು ವರ್ಷ ಮುಂದುವರಿಯಿತು. ಬದುಕುಳಿದವರಲ್ಲಿ ಕೆಲವರು ಉತ್ತರ ಆಫ್ರಿಕಾಕ್ಕೆ ಹೋದರು, ಬಹಳಷ್ಟು ಜನ ಗುಲಾಮರಾದರು. ತಾವೇ ಕಟ್ಟಿದ ಹೊಲಗಳಲ್ಲಿ ಅನ್ಯರ ಆಳಾಗಿ ದುಡಿಯುವ ಸ್ಥಿತಿ ಹಲವರಿಗೆ ಬಂತು. ದೊರೆಯ ಕಡೆಯವರು ಭೂಮಿಯನ್ನು ಹಂಚಿಕೊಳ್ಳುವಾಗ ಬರೆಸಿದ ದಾಖಲೆ ಪುಸ್ತಕ ಲ್ಯಾಟಿನ್ ಮತ್ತು ಅರಬಿ ಎರಡೂ ಭಾಷೆಗಳಲ್ಲಿದೆ. ಊರೂರುಗಳ ಅರಬಿ ಹೆಸರುಗಳು ಅದರಲ್ಲಿ ಉಳಿದಿವೆ. ಗೆದ್ದವರು ಮಾಡಿದ ಆಸ್ತಿಪಟ್ಟಿಯೇ ಸೋತವರ ಕುರಿತ ನಮ್ಮ ದೊಡ್ಡ ಆಧಾರವಾಯಿತು ಎಂಬುದು ಎಂಥ ವಿಚಿತ್ರ!

ಸೋತವರ ಕಡೆಯಿಂದಲೂ ಒಂದು ಗ್ರಂಥವಿತ್ತು. ಇಬ್ನ್ ಅಮೀರಾ ಅಲ್‌ಮಖ್ಝೂಮಿ ಎಂಬ ಸಮಕಾಲೀನ ಲೇಖಕರು ಮಯೂರ್ಖಾದ ಪತನದ ಚರಿತ್ರೆಯನ್ನು ಅರಬಿಯಲ್ಲಿ ಬರೆದಿದ್ದರು. ಶತಮಾನಗಳ ಕಾಲ ಅದು ಕಳೆದುಹೋಗಿದೆ ಎಂದೇ ಎಲ್ಲರೂ ತಿಳಿದಿದ್ದರು. ಈ ಶತಮಾನದ ಆರಂಭದಲ್ಲಿ ಅಲ್ಜೀರಿಯಾದ ಗ್ರಂಥಸಂಗ್ರಹವೊಂದರಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. 2008ರಲ್ಲಿ ಕತಲಾನ್ ಭಾಷೆಗೂ ಅನುವಾದವಾಯಿತು. ಇಂದು ಆ ದ್ವೀಪದ ವಿದ್ಯಾರ್ಥಿಗಳು ಎರಡೂ ಕಡೆಯ ಮಾತನ್ನು ತಮ್ಮದೇ ಭಾಷೆಯಲ್ಲಿ ಓದಬಲ್ಲರು.

ಹೆಸರಿಲ್ಲದ ಗುರು

ಬನ್ಯಾಲ್ಬುಫಾರಿನಿಂದ ಹೆಚ್ಚು ದೂರವಿಲ್ಲದ ವಾಲ್ದೆಮೋಸಾ ಎಂಬ ಊರಿನ ಹೆಸರು 'ಮೂಸಾನ ಕಣಿವೆ' ಎಂಬುದರಿಂದ ಬಂದದ್ದು ಎನ್ನುತ್ತಾರೆ. ಅದರ ಸಮೀಪದ ಮಿರಮಾರ್ ಎಂಬಲ್ಲಿ 1276ರಲ್ಲಿ ಒಂದು ಶಾಲೆ ಆರಂಭವಾಯಿತು. ಹದಿಮೂರು ಮಂದಿ ಕ್ರೈಸ್ತ ಸನ್ಯಾಸಿಗಳಿಗೆ ಅಲ್ಲಿ ಅರಬಿ ಕಲಿಸಲಾಗುತ್ತಿತ್ತು. ಮುಸ್ಲಿಮರೊಡನೆ ಅವರದೇ ಭಾಷೆಯಲ್ಲಿ ವಾದ ಮಾಡಿ ಮತಾಂತರಿಸುವುದು ಉದ್ದೇಶವಾಗಿತ್ತು. ಇದರ ಸ್ಥಾಪನೆಗೆ ಕಾರಣನಾದ ರಾಮೋನ್ ಲ್ಯುಲ್ ಮಯೋರ್ಕಾದ ಅತಿ ದೊಡ್ಡ ಚಿಂತಕ. ಆತ ಅರಬಿಯಲ್ಲೂ ಗ್ರಂಥ ರಚಿಸಿದ. ಅಷ್ಟು ಅರಬಿ ಆತನಿಗೆ ಬಂದದ್ದು ಎಲ್ಲಿಂದ? ಒಬ್ಬ ಮುಸ್ಲಿಂ ಗುಲಾಮನನ್ನು ಹಣ ಕೊಟ್ಟು ಕೊಂಡು, ಅವನಿಂದ ಒಂಬತ್ತು ವರ್ಷ ಕಲಿತ. ಕೊನೆಗೆ ಇಬ್ಬರ ನಡುವೆ ಜಗಳವಾಗಿ, ಬಂಧನದಲ್ಲಿದ್ದ ಆ ಗುಲಾಮ ನೇಣು ಹಾಕಿಕೊಂಡ ಎಂದು ಲ್ಯುಲ್‌ನ ಜೀವನಚರಿತ್ರೆಯೇ ಹೇಳುತ್ತದೆ. ಶಿಷ್ಯನ ಹೆಸರಿನಲ್ಲಿ ಇಂದು ಮಯೋರ್ಕಾದಲ್ಲಿ ಬೀದಿಗಳಿವೆ, ಪ್ರತಿಮೆಗಳಿವೆ. ಆ ಜೀವನಚರಿತ್ರೆ ಗುರುವಿನ ಹೆಸರನ್ನು ಕೂಡ ಬರೆದಿಲ್ಲ. ಬೆಟ್ಟದ ಗೋಡೆಗಳನ್ನು ಕಟ್ಟಿದವರ ಗತಿಯೂ ಅದೇ.

ಅಭಿಮಾನ ಇರಲಿ, ಅತಿರೇಕ ಬೇಡ

ಪ್ರಿಯ ವಿದ್ಯಾರ್ಥಿಗಳೇ, ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ನೋಡಿ, ಇದೆಲ್ಲವೂ ನಮ್ಮವರೇ ಕಟ್ಟಿದ್ದು' ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಬನ್ಯಾಲ್ಬುಫಾರಿನ ನೀರಾವರಿಯ ಮೂಲ ವಿನ್ಯಾಸ ಮುಸ್ಲಿಂ ಕಾಲದ್ದು. ಆದರೆ ಇಂದು ಕಣ್ಣಿಗೆ ಕಾಣುವ ಗೋಡೆಗಳಲ್ಲಿ ಹೆಚ್ಚಿನವು ಆಮೇಲಿನ ಶತಮಾನಗಳಲ್ಲಿ ಅಲ್ಲಿನ ಕ್ರೈಸ್ತ ರೈತರು ವಿಸ್ತರಿಸಿದ್ದು, ಬಿದ್ದಾಗಲೆಲ್ಲ ಮತ್ತೆ ಕಟ್ಟಿದ್ದು. ಅವರು ಅಲ್ಲಿ ಮಾಲ್ವಸಿಯಾ ದ್ರಾಕ್ಷಿ ಬೆಳೆದರು. 19ನೇ ಶತಮಾನದ ಕೊನೆಯಲ್ಲಿ ಫಿಲೋಕ್ಸೆರಾ ಎಂಬ ಕೀಟ ಬಳ್ಳಿಗಳನ್ನು ನಾಶ ಮಾಡಿದಾಗ ಟೊಮೆಟೊ ಬೆಳೆಗೆ ಹೊರಳಿದರು. ನೀರು ಮತ್ತು ಗೋಡೆ ಅವೇ ಉಳಿದವು, ಬೆಳೆ ಬದಲಾಯಿತು. ಊರಿನ ಹೊರಗೆ ಕಡಲಂಚಿನ ಬಂಡೆಯ ಮೇಲೆ 1579ರಲ್ಲಿ ಕಟ್ಟಿದ ಕಾವಲುಗೋಪುರವಿದೆ. ಉತ್ತರ ಆಫ್ರಿಕಾದ ತೀರದಿಂದ ಬರುತ್ತಿದ್ದ ಕಡಲ್ಗಳ್ಳರು ಈ ಬಡ ಹಳ್ಳಿಗರನ್ನು ಹಿಡಿದೊಯ್ದು ಗುಲಾಮರಾಗಿ ಮಾರುತ್ತಿದ್ದರು ಎಂಬುದನ್ನು ಆ ಗೋಪುರ ನೆನಪಿಸುತ್ತದೆ. ಗುಲಾಮಗಿರಿಯ ನೋವು ಎರಡೂ ಕಡೆ ಇತ್ತು. ನಮಗೆ ಹಿತವಾದದ್ದನ್ನು ಮಾತ್ರ ಆರಿಸಿಕೊಂಡರೆ ಅದು ಇತಿಹಾಸವಾಗುವುದಿಲ್ಲ.

ಯುನೆಸ್ಕೋ 2011ರಲ್ಲಿ ತ್ರಮುಂತಾನಾ ಶ್ರೇಣಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೇವಲ ಪ್ರಕೃತಿ ಸೌಂದರ್ಯಕ್ಕಾಗಿ ಅಲ್ಲ, ಮನುಷ್ಯರ ದುಡಿಮೆ ರೂಪಿಸಿದ ಭೂದೃಶ್ಯ ಎಂಬ ಕಾರಣಕ್ಕೆ. ಅಂದಲುಸಿನ ಜಲವಿದ್ಯೆಯೂ ನಂತರದ ರೈತರ ಶ್ರಮವೂ ಅಲ್ಲಿ ಒಂದಾಗಿವೆ. ಗಾರೆಯಿಲ್ಲದೆ ಕಲ್ಲುಗೋಡೆ ಕಟ್ಟುವ ವಿದ್ಯೆ 2018ರಲ್ಲಿ ಸ್ಪೇನ್ ಸಹಿತ ಎಂಟು ದೇಶಗಳ ಪರವಾಗಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಆ ಹೊತ್ತಿಗೆ ಎಚ್ಚರ ಮೊದಲೇ ಮೂಡಿತ್ತು. ಪ್ರವಾಸೋದ್ಯಮದ ಹಣ ಬಂದು ಹೊಲಗಳು ಪಾಳು ಬಿದ್ದು, ಕೆಲಸ ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾಗ, 1980ರ ದಶಕದಲ್ಲಿ ಮಯೋರ್ಕಾದವರು ಯುವಕರಿಗೆ ಗೋಡೆ ಕಟ್ಟುವುದನ್ನು ಕಲಿಸುವ ಶಾಲೆ ತೆರೆದರು. ಗೋಡೆ ಬಿದ್ದರೆ ಮಣ್ಣು ಸಮುದ್ರಕ್ಕೆ ಹೋಗುತ್ತದೆ, ಮಣ್ಣು ಹೋದರೆ ಬೆಟ್ಟ ಬರಡಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ನಮ್ಮ ಮನೆಯ ಹತ್ತಿರ

ಈ ವಿದ್ಯೆ ನಮಗೆ ಪರಕೀಯವೇನಲ್ಲ. ನೆಲದಡಿ ಸುರಂಗ ತೋಡಿ ನೀರು ತರುವ ಪರ್ಶಿಯಾ ಮೂಲದ ಕಲೆ ಅರಬರೊಂದಿಗೆ ಪಶ್ಚಿಮಕ್ಕೆ ಹೋಗಿ ಮಯೋರ್ಕಾ ತಲುಪಿತು. ಪೂರ್ವಕ್ಕೆ ಬಂದು 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಬೀದರಿನಲ್ಲಿ ಕರೇಜ್ ಆಯಿತು. ಬೀದರಿನ ನೌಬಾದ್ ಬಳಿ ಅದನ್ನು ಇಂದಿಗೂ ನೋಡಬಹುದು. ಹೂಳು ತುಂಬಿ ಮರೆತುಹೋಗಿದ್ದ ಆ ಸುರಂಗವನ್ನು ಕಳೆದ ದಶಕದಲ್ಲಷ್ಟೇ ಸ್ವಚ್ಛಗೊಳಿಸಲಾಯಿತು. ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಈಗಲೂ ನೀರು ಬರುತ್ತದೆ. ಅವನ್ನು ತೋಡಿದವರು ಹಿಂದೂಗಳೂ ಹೌದು, ಮುಸ್ಲಿಮರೂ ಹೌದು. ಬೋರ್‌ವೆಲ್ ಬಂದ ಮೇಲೆ ಹೊಸದಾಗಿ ತೋಡಬಲ್ಲವರ ಸಂಖ್ಯೆ ಕಡಿಮೆಯಾಗುತ್ತಾ ಬಂದಿದೆ.

ಬನ್ಯಾಲ್ಬುಫಾರಿಗೆ ಹೋಗುವ ಅವಕಾಶ ಎಲ್ಲರಿಗೂ ಸಿಗಲಾರದು. ಸಿಕ್ಕವರು ಊರಿನ ಕಾಲುದಾರಿಗಳಲ್ಲಿ ನಡೆಯಿರಿ, ಕಾಲುವೆಯ ಜಾಡು ಹಿಡಿದು ತೊಟ್ಟಿಯವರೆಗೆ ಹೋಗಿ, ಗೋಡೆಯ ಕಲ್ಲು ಕದಲಿಸಬೇಡಿ. ಸಿಗದವರಿಗೂ ಮಾಡಲು ಕೆಲಸವಿದೆ. ಈ ರಜೆಯಲ್ಲಿ ನಿಮ್ಮ ಊರಿನ ಹಳೆಯ ಬಾವಿ, ಕೆರೆ, ಸುರಂಗ, ಕಟ್ಟಗಳ ಬಳಿ ಹೋಗಿ. ಅವನ್ನು ತೋಡಿದವರು ಯಾರು, ನೀರು ಹಂಚಿಕೊಳ್ಳುತ್ತಿದ್ದ ಕ್ರಮ ಯಾವುದು, ಕಟ್ಟಿದ ಕೆಲಸಗಾರರ ಹೆಸರೇನು ಎಂದು ಹಿರಿಯರನ್ನು ಕೇಳಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮುಸ್ಲಿಮರ ಹೆಸರು ಸಿಕ್ಕರೂ ಬರೆಯಿರಿ, ಬೇರೆಯವರ ಹೆಸರು ಸಿಕ್ಕರೂ ಬರೆಯಿರಿ. ಮಯೋರ್ಕಾದ ರೈತರ ಹೆಸರನ್ನು ಬರೆದಿಡುವವರು ಇರಲಿಲ್ಲ. ನಮ್ಮ ಊರುಗಳಲ್ಲಿ ಓದು ಬರಹ ಬಲ್ಲ ಮಕ್ಕಳಿದ್ದಾರೆ, ಕೇಳಿದರೆ ಹೇಳುವ ಹಿರಿಯರು ಇನ್ನೂ ಇದ್ದಾರೆ.