ಹೆಸರು ಮರೆತ ಬಿರುಗಾಳಿ

1995ರ ಜುಲೈ ತಿಂಗಳ ಎರಡನೆಯ ವಾರ. ಅಮೆರಿಕದ ಷಿಕಾಗೊ ನಗರದಲ್ಲಿ ಉಷ್ಣಾಂಶ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ರಾಯಚೂರು, ಕಲಬುರಗಿಯವರಿಗೆ ಈ ಅಂಕಿ ದೊಡ್ಡದೆನಿಸದು. ಆದರೆ ಷಿಕಾಗೊದಲ್ಲಿ ಗಾಳಿಯ ತುಂಬ ತೇವ. ಮೈಯ ಬೆವರು ಆರುವಂತಿರಲಿಲ್ಲ, ಇಟ್ಟಿಗೆ ಕಟ್ಟಡಗಳು ರಾತ್ರಿಯೂ ತಣಿಯಲಿಲ್ಲ. ಕೆಲವೇ ದಿನಗಳಲ್ಲಿ ವಾಡಿಕೆಗಿಂತ 739 ಮಂದಿ ಹೆಚ್ಚಾಗಿ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿ ಬದುಕುತ್ತಿದ್ದ ವೃದ್ಧರು. ಶವಾಗಾರದಲ್ಲಿ ಜಾಗ ಸಾಲದೆ, ಆಹಾರ ಸಾಗಿಸುವ ಶೀತಲ ಲಾರಿಗಳನ್ನು ತಂದು ನಿಲ್ಲಿಸಬೇಕಾಯಿತು. ಇಷ್ಟೊಂದು ಜನ ಸೆಕೆಗೇ ಸತ್ತರೆಂಬ ವೈದ್ಯಾಧಿಕಾರಿಯ ಲೆಕ್ಕವನ್ನು ನಗರದ ಮೇಯರ್ ಬಹಿರಂಗವಾಗಿ ಪ್ರಶ್ನಿಸಿದರು. ಲೆಕ್ಕ ಸರಿಯಿತ್ತೆಂಬುದು ಆಮೇಲೆ ಸ್ಪಷ್ಟವಾಯಿತು.

ಅದೇ ವಾರ, ಷಿಕಾಗೊದಿಂದ ಸುಮಾರು ಸಾವಿರ ಕಿಲೋಮೀಟರು ಪೂರ್ವಕ್ಕಿರುವ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಕಾಡುಗಳಲ್ಲಿ ಇನ್ನೊಂದು ಅನಾಹುತ. ಜುಲೈ 15ರ ಬೆಳಗಿನ ಜಾವ ಗುಡುಗು ಸಿಡಿಲಿನೊಡನೆ ನುಗ್ಗಿದ ಗಾಳಿ ಲಕ್ಷಗಟ್ಟಲೆ ಎಕರೆ ಕಾಡನ್ನು ಘಾಸಿಗೊಳಿಸಿತು. ಮರಗಳು ಒಂದೇ ದಿಕ್ಕಿಗೆ ಮಲಗಿದವು. ಬೇರೆ ಬೇರೆ ಎಂದು ಕಾಣುವ ಈ ಎರಡೂ ಘಟನೆಗಳಿಗೆ ಕಾರಣ ಒಂದೇ.

ಬೇಸಿಗೆಯಲ್ಲಿ ಅಮೆರಿಕದ ನಡುನಾಡಿನ ಮೇಲೆ ಕೆಲವೊಮ್ಮೆ ಅಧಿಕ ಒತ್ತಡದ ಗಾಳಿ ಕದಲದೆ ಕೂರುತ್ತದೆ. ಮೇಲಿನ ಗಾಳಿ ಕೆಳಕ್ಕಿಳಿಯುತ್ತ ಬಿಸಿಯಾಗಿ, ಪಾತ್ರೆಗೆ ಮುಚ್ಚಳ ಹಾಕಿದಂತೆ ನೆಲದ ಶಾಖವನ್ನೂ ತೇವವನ್ನೂ ಹಿಡಿದಿಡುತ್ತದೆ. ಮೈಲುಗಟ್ಟಲೆ ಹರಡಿದ ಮೆಕ್ಕೆಜೋಳದ ಹೊಲಗಳೂ ಈ ತೇವಕ್ಕೆ ತಮ್ಮ ಪಾಲು ಸೇರಿಸುತ್ತವೆ. ಮುಚ್ಚಳದ ನಡುವೆ ಮೋಡ ಏಳುವುದಿಲ್ಲ. ಅಂಚಿನಲ್ಲಿ ಮಾತ್ರ ಅದು ಸಡಿಲ. ಮೇಲ್ಗಾಳಿಯ ವೇಗವೂ ಅಲ್ಲಿ ಹೆಚ್ಚು. ಅಲ್ಲಿ ಸಿಡಿದ ಗುಡುಗುಮಳೆಯಿಂದ ತಣ್ಣನೆಯ ಗಾಳಿ ಧೊಪ್ಪನೆ ನೆಲಕ್ಕೆ ಬಿದ್ದು ಮುಂದಕ್ಕೆ ನುಗ್ಗುತ್ತದೆ. ಮುಂದಿರುವ ಬಿಸಿಗಾಳಿಯನ್ನು ಮೇಲಕ್ಕೆಸೆದು ಹೊಸ ಮೋಡ ಹುಟ್ಟಿಸುತ್ತದೆ. ಹೀಗೆ ತನ್ನ ಮೇವನ್ನು ತಾನೇ ಹುಡುಕಿಕೊಂಡು ನೂರಾರು ಕಿಲೋಮೀಟರು ಓಡುವ ಬಿರುಗಾಳಿಗೆ ‘ಡೆರೇಚೊ’ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ‘ನೇರ’ ಎಂದರ್ಥ.

ಹೆಸರಿಟ್ಟವರು ಗುಸ್ಟಾವಸ್ ಹಿನ್ರಿಕ್ಸ್. ಯೂರೋಪಿನಿಂದ ವಲಸೆ ಬಂದು ಅಯೋವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಇವರು ರಸಾಯನಶಾಸ್ತ್ರಜ್ಞರು. ಹವಾಮಾನದ ಗೀಳೂ ಇತ್ತು. ಊರೂರುಗಳಲ್ಲಿ ಸ್ವಯಂಸೇವಕರನ್ನು ಕಲೆಹಾಕಿ 1875ರಲ್ಲಿ ರಾಜ್ಯದ ಹವಾಮಾನ ಸೇವೆಯನ್ನೇ ಆರಂಭಿಸಿದರು. 1877ರ ಜುಲೈ 31ರಂದು ಅಯೋವಾವನ್ನು ಹಾದುಹೋದ ಬಿರುಗಾಳಿಯ ಜಾಡನ್ನು ನಕ್ಷೆಯ ಮೇಲೆ ಗುರುತಿಸಿದಾಗ, ಇದು ಸುತ್ತುವ ಸುಂಟರಗಾಳಿಯಲ್ಲ, ನೇರ ನುಗ್ಗುವ ಗಾಳಿ ಎಂಬುದು ಅವರಿಗೆ ಸ್ಪಷ್ಟವಾಯಿತು. 1888ರಲ್ಲಿ ಈ ವ್ಯತ್ಯಾಸವನ್ನು ವಿವರಿಸಿ ಲೇಖನ ಪ್ರಕಟಿಸಿದರು.

ಆ ಹೊತ್ತಿಗೆ ಸುಂಟರಗಾಳಿಗೆ ಅಮೆರಿಕನ್ನರು ಬಳಸುವ ‘ಟಾರ್ನೆಡೊ’ ಎಂಬ ಪದದ ಗತಿ ಏನಾಗಿತ್ತು ಎಂಬುದು ಇನ್ನೂ ಸೋಜಿಗದ ಸಂಗತಿ. ಹವಾಮಾನದ ಹೊಣೆ ಆಗ ಸೇನೆಯ ಸಿಗ್ನಲ್ ದಳದ್ದು. ಅಲ್ಲಿದ್ದ ಜಾನ್ ಫಿನ್ಲಿ 1884ರಲ್ಲಿ ಟಾರ್ನೆಡೊ ಮುನ್ಸೂಚನೆಯ ಪ್ರಯೋಗ ಮಾಡಿ, 2803 ಮುನ್ಸೂಚನೆಗಳಲ್ಲಿ ಶೇ 96.6ರಷ್ಟು ನಿಜವಾದವು ಎಂದರು. ದಿನವೂ ‘ಟಾರ್ನೆಡೊ ಇಲ್ಲ’ ಎಂದು ಬರೆದು ಕೈತೊಳೆದುಕೊಂಡಿದ್ದರೂ ಶೇ 98.2 ಸರಿಯಾಗುತ್ತಿತ್ತು ಎಂದು ವಿಮರ್ಶಕರೊಬ್ಬರು ಕಾಲೆಳೆದರು. ಲೆಕ್ಕದ ಮಟ್ಟಿಗೆ ಅದು ನ್ಯಾಯವೇ. ಆದರೂ ಫಿನ್ಲಿ ಟಾರ್ನೆಡೊ ಬರುತ್ತದೆ ಎಂದ 100 ಸಲಗಳಲ್ಲಿ 28 ಸಲ ಅದು ಬಂದೇ ಇತ್ತು. ಆ ಕಾಲಕ್ಕೆ ಇದು ಸಣ್ಣ ಸಾಧನೆಯಲ್ಲ. ಮೇಲಧಿಕಾರಿಗಳಿಗೆ ಬೇರೆಯೇ ಚಿಂತೆ. ಆ ಪದ ಕೇಳಿದರೆ ಜನ ಗಾಬರಿಬೀಳುತ್ತಾರೆ, ಗಾಳಿಗಿಂತ ಗಾಬರಿಯಿಂದಲೇ ಹಾನಿ ಹೆಚ್ಚು ಎಂದು ಬಗೆದು, ಮುನ್ಸೂಚನೆಗಳಲ್ಲಿ ‘ಟಾರ್ನೆಡೊ’ ಎಂದು ಬರೆಯುವುದನ್ನೇ ತಡೆದರು.

ಈ ತಡೆ ಸುಮಾರು ಅರ್ಧ ಶತಮಾನ ನಡೆಯಿತು. 1925ರ ಮಾರ್ಚ್ 18ರಂದು ಮಿಸ್ಸೂರಿ, ಇಲಿನಾಯ್, ಇಂಡಿಯಾನಾ ರಾಜ್ಯಗಳ ಮೂಲಕ ಹಾದುಹೋದ ಒಂದೇ ಸುಂಟರಗಾಳಿಗೆ 695 ಮಂದಿ ಬಲಿಯಾದರು. ಅಂದಿನ ಮುನ್ಸೂಚನೆಯಲ್ಲಿ ಆ ಪದ ಇರಲಿಲ್ಲ. 1938ರಲ್ಲಿ ತಡೆ ಸಡಿಲವಾದರೂ ಹಿಂಜರಿಕೆ ಉಳಿಯಿತು.

ಅದನ್ನು ಮುರಿದದ್ದು ಒಕ್ಲಹೋಮದ ಟಿಂಕರ್ ವಾಯುನೆಲೆಯ ಇಬ್ಬರು ಅಧಿಕಾರಿಗಳು. 1948ರ ಮಾರ್ಚ್ 20ರಂದು ಸುಂಟರಗಾಳಿ ನೆಲೆಯ ಮೇಲೆರಗಿ ವಿಮಾನಗಳನ್ನು ಪುಡಿಗಟ್ಟಿತು. ಅರ್ನೆಸ್ಟ್ ಫಾಬುಷ್, ರಾಬರ್ಟ್ ಮಿಲ್ಲರ್ ಹಳೆಯ ನಕ್ಷೆಗಳನ್ನು ಹರಡಿಕೊಂಡು ಕುಳಿತರು. ಐದೇ ದಿನಗಳಲ್ಲಿ ನಕ್ಷೆಯ ಮೇಲೆ ಮತ್ತೆ ಅದೇ ಲಕ್ಷಣಗಳು. ಒಂದೇ ಜಾಗಕ್ಕೆ ವಾರದೊಳಗೆ ಎರಡನೆಯ ಸುಂಟರಗಾಳಿ ಬರುವುದುಂಟೆ ಎಂಬ ಅಳುಕಿನಲ್ಲೇ ಎಚ್ಚರಿಕೆ ಕೊಟ್ಟರು. ಸಂಜೆ ಅದು ಬಂದೇಬಿಟ್ಟಿತು. 1950ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರು ಸುತ್ತೋಲೆ ಹೊರಡಿಸಿ, ಇಂಥ ಮುನ್ಸೂಚನೆಗೆ ಇಲಾಖೆಯ ಅಡ್ಡಿಯಿಲ್ಲವೆಂದು ತಿಳಿಸಿದರು.

‘ಡೆರೇಚೊ’ ಪದವನ್ನಾದರೋ ಯಾರೂ ನಿಷೇಧಿಸಲಿಲ್ಲ. ಅದು ಸುಮ್ಮನೆ ಮರೆತುಹೋಯಿತು. 1987ರಲ್ಲಿ ರಾಬರ್ಟ್ ಜಾನ್ಸ್ ಮತ್ತು ವಿಲಿಯಂ ಹರ್ಟ್ ಎಂಬ ಹವಾಮಾನ ತಜ್ಞರು ಅದನ್ನು ಹುಡುಕಿ ತೆಗೆದು ಮತ್ತೆ ಬಳಕೆಗೆ ತಂದರು. ಜನಸಾಮಾನ್ಯರ ಬಾಯಿಗೆ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು.

2012ರ ಜೂನ್ 29ರಂದು, ಸುಡುಬಿಸಿಲಿನ ದಿನ, ಷಿಕಾಗೊ ಬಳಿ ಹುಟ್ಟಿದ ಡೆರೇಚೊ ರಾಜಧಾನಿ ವಾಷಿಂಗ್ಟನ್ನನ್ನು ಹಾದು ರಾತ್ರಿಯೊಳಗೆ ಅಟ್ಲಾಂಟಿಕ್ ತೀರ ಮುಟ್ಟಿತು. 40 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಕಡಿದುಹೋಯಿತು. ಹಲವೆಡೆ ವಾರವಾದರೂ ಬರಲಿಲ್ಲ. ಬಿಸಿಲು ಮಾತ್ರ ಇಳಿಯಲಿಲ್ಲ. ಫ್ಯಾನಿಲ್ಲ, ಏರ್‌ಕಂಡೀಷನರ್ ಇಲ್ಲ. ಹವಾಮಾನ ಇಲಾಖೆಯ ವರದಿಯ ಪ್ರಕಾರ ಗಾಳಿಗೆ ಸತ್ತವರು 13. ಗಾಳಿ ಹೋದ ಮೇಲೆ, ಕರೆಂಟಿಲ್ಲದ ಊರುಗಳಲ್ಲಿ ಸೆಕೆಗೆ ಸತ್ತವರು 34.